ಅಡ್ಡ ಇದ್ರೆ ಬಂದ್, ಉದ್ದ ಇದ್ರೆ ಚಾಲೂ

ರಾತ್ರಿ ಹನ್ನೊಂದೂವರೆಗೆ ಅಮ್ಮನ ಫೋನ್ ಬಂದರೆ ಎದೆ ಧಸಕ್ಕನ್ನುತ್ತೆ. ಹೆತ್ತವರನ್ನು ಊರಲ್ಲಿ ಬಿಟ್ಟು ಬೆಂಗಳೂರಲ್ಲಿ ಕೆಲಸ ಮಾಡೋ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಹಾಗೇ ಫೋನ್ ಬಂತು.

"ಬಚ್ಚಲುಮನೆ ನಲ್ಲಿ ಕಿತ್ಕೊಂಡು ಬಂದ್ಬಿಟ್ಟಿದೆ ಕಣೋ. ನೀರು ನಿಲ್ತಾನೇ ಇಲ್ಲ."

ಶಿವಮೊಗ್ಗದ ಮನೆ. ಅಪ್ಪ ಹೋಗಿ ಎರಡು ವರ್ಷ ಆಯ್ತು, ಅಮ್ಮ ಒಬ್ಬರೇ ಇರೋದು. ವಿಡಿಯೋ ಕಾಲ್ ಮಾಡಿಸಿದೆ. ಗೋಡೆಯಿಂದ ನೀರು ಹೊಳೆ ಥರ ಚಿಮ್ಮುತ್ತಿತ್ತು. ಬಚ್ಚಲ ಹೊಸಿಲು ದಾಟಿ ಹಾಲ್‌ಗೆ ಬಂದಿತ್ತು. ಹಾಲ್‌ಗೆ ಹಾಕಿರೋದು ನುಣುಪಿನ ಟೈಲ್ಸ್. ಅಮ್ಮನಿಗೆ ಮಂಡಿನೋವು.

"ಅಮ್ಮಾ, ಮೊದಲು ವಾಲ್ವ್ ಬಂದ್ ಮಾಡು" ಅಂದೆ.

"ಯಾವ ವಾಲ್ವೋ? ಅದೆಲ್ಲ ನಿಮ್ಮಪ್ಪಂಗೆ ಗೊತ್ತಿತ್ತು."

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಮಷೀನ್ ಡ್ರಾಯಿಂಗ್ ಕ್ಲಾಸಲ್ಲಿ ರಾಮ್ಸ್‌ಬಾಟಮ್ ಸೇಫ್ಟಿ ವಾಲ್ವ್ ಬಿಡಿಸಿ ಒಳ್ಳೆ ಮಾರ್ಕ್ಸೂ ತಗೊಂಡಿದ್ದೆ. ಆಮೇಲೆ ಕ್ಯಾಂಪಸ್ ಪ್ಲೇಸ್‌ಮೆಂಟ್, ಸಾಫ್ಟ್‌ವೇರ್ ಕೆಲಸ. ಆದರೆ ನನ್ನದೇ ಮನೆಯ ಬಚ್ಚಲಿಗೆ ನೀರು ಯಾವ ವಾಲ್ವ್ ದಾಟಿ ಬರುತ್ತೆ ಅನ್ನೋದು ನನಗೆ ಗೊತ್ತಿರಲಿಲ್ಲ.

ಪಕ್ಕದ ಮನೆ ಪಿಯುಸಿ ಹುಡುಗ ಟಾರ್ಚ್ ಹಿಡಿದು ಮಳೆಯಲ್ಲೇ ತಾರಸಿ ಹತ್ತಿದ. ಟ್ಯಾಂಕಿನ ಕೆಳಗೆ ನಾಲ್ಕು ವಾಲ್ವ್, ನಾಲ್ಕೂ ಒಂದೇ ಥರ. ಸಣ್ಣ ಚಕ್ರದ ಹಿಡಿ, ಮೇಲೆಲ್ಲ ತುಕ್ಕು. ಒಂದು ಜಪ್ಪಯ್ಯ ಅಂದ್ರೂ ಅಲುಗಲಿಲ್ಲ. ಇನ್ನೊಂದು ತಿರುಗಿತು. ತಿರುಗಿತು, ತಿರುಗಿತು, ತಿರುಗ್ತಾನೇ ಇತ್ತು. "ಅಣ್ಣಾ, ಎಷ್ಟು ಸುತ್ತಿದ್ರೂ ಮುಗೀತಿಲ್ಲ. ನೀರು ಹಂಗೇ ಬರ್ತಿದೆ."

ಅರ್ಧ ಇಂಚಿನ ಪೈಪಿನ ಬಾಯಿ ಪೂರ್ತಿ ತೆರೆದುಕೊಂಡರೆ ನಿಮಿಷಕ್ಕೆ ಸುಮಾರು 15ರಿಂದ 20 ಲೀಟರ್ ನೀರು ಹೋಗುತ್ತೆ. ನಮ್ಮದು 1000 ಲೀಟರ್ ಟ್ಯಾಂಕ್. ಹೆಚ್ಚೂಕಮ್ಮಿ ಒಂದು ಗಂಟೆ ಸುರಿದು ಟ್ಯಾಂಕ್ ಖಾಲಿಯಾದ ಮೇಲೆ ನೀರು ತಾನಾಗಿ ನಿಂತಿತು. ಅಷ್ಟು ಹೊತ್ತೂ ಅಮ್ಮ ಮಂಚದ ಮೇಲೆ ಕಾಲು ಮಡಚಿ ಕೂತಿದ್ದರು. 300 ಕಿಲೋಮೀಟರ್ ದೂರದಲ್ಲಿ ನಾನು ಫೋನ್ ಹಿಡಿದು ಕೂತಿದ್ದೆ.

ತಿರುಗಿದ್ದು ಚಕ್ರ, ಬಾಗಿಲಲ್ಲ

ಆ ಶನಿವಾರ ಊರಿಗೆ ಹೋದೆ. ಪ್ಲಂಬರ್ ಅಣ್ಣ ಹಳೇ ವಾಲ್ವ್ ಕತ್ತರಿಸಿ ತೆಗೆದು ಬಿಚ್ಚಿ ತೋರಿಸಿದರು. ಅದು ಗೇಟ್ ವಾಲ್ವ್. ಕೆರೆ ತೂಬಿಗೆ ಹಲಗೆ ಇರುತ್ತಲ್ಲ, ಮೇಲೆತ್ತಿದರೆ ನೀರು, ಇಳಿಸಿದರೆ ಬಂದ್? ಇದೂ ಹಾಗೇ. ಒಳಗೆ ಬೆಣೆ ಆಕಾರದ ಒಂದು ಹಿತ್ತಾಳೆ ಹಲಗೆ. ಚಕ್ರ ಸುತ್ತಿದಂತೆ ಸ್ಕ್ರೂ ಮೂಲಕ ಅದು ಏರುತ್ತೆ, ಇಳಿಯುತ್ತೆ. ಪೂರ್ತಿ ಮುಚ್ಚಬೇಕು ಅಂದ್ರೆ ಹಲವು ಸುತ್ತು ಬೇಕು. ನಮ್ಮ ವಾಲ್ವಿನಲ್ಲಿ ಆ ಸ್ಕ್ರೂವಿನ ಹಲ್ಲು ಸವೆದುಹೋಗಿತ್ತು. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಹಲಗೆ ಮೇಲೇ ಕಚ್ಚಿಕೊಂಡಿತ್ತು. ಹುಡುಗ ಸುತ್ತಿದ್ದು ಬರೀ ಚಕ್ರವನ್ನ. ಬಾಗಿಲು ಇದ್ದಲ್ಲೇ ಇತ್ತು.

ಇನ್ನೂ ದೊಡ್ಡ ತೊಂದರೆ ಏನು ಗೊತ್ತಾ? ಮನೆಗಳಲ್ಲಿ ಹಾಕೋ ಇಂಥ ಗೇಟ್ ವಾಲ್ವನ್ನು ಹೊರಗಿನಿಂದ ನೋಡಿದರೆ ಅದು ತೆರೆದಿದೆಯೋ ಮುಚ್ಚಿದೆಯೋ ಗೊತ್ತೇ ಆಗಲ್ಲ. ಚಕ್ರ ಎರಡಕ್ಕೂ ಒಂದೇ ಥರ ಕಾಣುತ್ತೆ. ಕತ್ತಲಲ್ಲಿ, ಮಳೆಯಲ್ಲಿ, ಗಾಬರಿಯಲ್ಲಿ ಇದನ್ನು ನಂಬೋದು ಹೇಗೆ?

"ಬಾಲ್ ವಾಲ್ವ್ ಹಾಕ್ಬಿಡೋಣ ಸಾರ್" ಅಂದರು ಪ್ಲಂಬರ್. ನಾನೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬಾಲ್ ವಾಲ್ವ್ ಕೊಡಿ ಅಂದೆ. ಅವರು ತೆಗೆದುಕೊಟ್ಟಿದ್ದು ಉದ್ದ ಕಡ್ಡಿಯ ತುದಿಗೆ ಪ್ಲಾಸ್ಟಿಕ್ ಚೆಂಡು ಇರೋ ಸಾಮಾನು! ಟ್ಯಾಂಕ್ ತುಂಬಿದಾಗ ತೇಲಿ ಮೇಲೆ ಬಂದು ನೀರು ನಿಲ್ಲಿಸುತ್ತಲ್ಲ, ಅದು. ಅದನ್ನೂ ನಮ್ಮ ಕಡೆ ಬಾಲ್ ವಾಲ್ವ್ ಅಂತಾನೇ ಕರೀತಾರೆ. ಅದು ಫ್ಲೋಟ್ ವಾಲ್ವ್. ಅದರಲ್ಲಿ ಚೆಂಡು ಹೊರಗೆ ತೇಲುತ್ತೆ. ನಾನು ಹೇಳ್ತಿರೋ ವಾಲ್ವಿನಲ್ಲಿ ಗುಂಡು ಪೈಪಿನ ಒಳಗೇ ಅಡಗಿ ಕೂತಿರುತ್ತೆ. ನೀವು ಅಂಗಡಿಗೆ ಹೋದರೆ "ಲಿವರ್ ಹಿಡಿ ಇರೋ ಬಾಲ್ ವಾಲ್ವ್" ಅಂತ ಬಿಡಿಸಿ ಕೇಳಿ. ಒಂದು ಓಡಾಟ ಉಳಿಯುತ್ತೆ.

ತೂತು ಕೊರೆದ ಮಣಿ

ಸರಕ್ಕೆ ಪೋಣಿಸುವ ಒಂದು ಮಣಿ ನೆನಪಿಸಿಕೊಳ್ಳಿ. ನಡುವೆ ಈ ಕಡೆಯಿಂದ ಆ ಕಡೆಗೆ ತೂತು. ಆ ಮಣಿಯನ್ನು ನೆಲ್ಲಿಕಾಯಿ ಗಾತ್ರಕ್ಕೆ ಹಿಗ್ಗಿಸಿ, ಲೋಹದಲ್ಲಿ ಮಾಡಿ, ಕನ್ನಡಿ ಹಾಗೆ ಪಾಲಿಷ್ ಕೊಟ್ಟು ಪೈಪಿನ ನಡುವೆ ಕೂರಿಸಿ. ತೂತು ಪೈಪಿನ ದಿಕ್ಕಿಗಿದ್ದರೆ ನೀರು ದಾರದ ಹಾಗೆ ನೇರ ದಾಟಿ ಹೋಗುತ್ತೆ. ಗುಂಡನ್ನು 90 ಡಿಗ್ರಿ ತಿರುಗಿಸಿದರೆ ತೂತು ಪಕ್ಕಕ್ಕೆ ಹೋಗುತ್ತೆ, ನೀರಿನ ಎದುರು ಗುಂಡಿನ ಗಟ್ಟಿ ಮೈ ನಿಲ್ಲುತ್ತೆ. ನೀರು ಬಂದ್. ಬಾಲ್ ವಾಲ್ವ್ ಅಂದ್ರೆ ಇಷ್ಟೇ.

ಗುಂಡಿನ ತಲೆಯಲ್ಲಿ ಒಂದು ಸೀಳು. ಅದಕ್ಕೆ ಸಿಕ್ಕಿಕೊಂಡ ಕಡ್ಡಿಯೇ ಸ್ಟೆಮ್, ಅದರ ಮೇಲೆ ಹಿಡಿ. ಹಿಡಿಯನ್ನು ತೂತಿನ ದಿಕ್ಕಿಗೇ ಕೂರಿಸಿರ್ತಾರೆ. ಹಾಗಾಗಿ ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಪೈಪಿಗೆ ಅಡ್ಡ ಇದ್ದರೆ ಮುಚ್ಚಿದೆ. ಕಾಲು ಸುತ್ತು, ಅಷ್ಟೇ ಕೆಲಸ. ಸಾಫ್ಟ್‌ವೇರ್‌ನೋರ ಭಾಷೇಲಿ ಹೇಳಬೇಕು ಅಂದ್ರೆ ಇದು ಬೂಲಿಯನ್. ಸ್ಟೇಟಸ್ ತಿಳಿಯೋಕೆ ಡ್ಯಾಶ್‌ಬೋರ್ಡ್ ಬೇಡ, ದೂರದಿಂದ ಕಣ್ಣು ಹಾಯಿಸಿದರೆ ಸಾಕು.

ಗುಂಡಿನ ಎರಡೂ ಪಕ್ಕ ಬಿಳಿ ಬಳೆಯಂಥ ಎರಡು ಉಂಗುರ ಇರುತ್ತೆ. ಇವಕ್ಕೆ ಸೀಟ್ ಅಂತಾರೆ. ಸಾಮಾನ್ಯವಾಗಿ ಇವು ಪಿಟಿಎಫ್‌ಇ, ಅಂದ್ರೆ ನಾನ್‌ಸ್ಟಿಕ್ ತವಾದ ಮೇಲಿರೋ ಅದೇ ಟೆಫ್ಲಾನ್. ನನಗೆ ಬಹಳ ಇಷ್ಟವಾದ ಸಂಗತಿ ಇರೋದು ಇಲ್ಲೇ. ಮನೆಯ ವಾಲ್ವುಗಳಲ್ಲಿ ಗುಂಡನ್ನು ಎಲ್ಲೂ ಬಿಗಿದು ಕಟ್ಟಿರಲ್ಲ, ಎರಡು ಉಂಗುರದ ನಡುವೆ ಅದು ಸ್ವಲ್ಪ ಸಡಿಲವಾಗಿ ಕೂತಿರುತ್ತೆ. ವಾಲ್ವ್ ಮುಚ್ಚಿದಾಗ ಹಿಂದಿನಿಂದ ಬರೋ ನೀರು ಗುಂಡನ್ನು ಮುಂದಕ್ಕೆ ತಳ್ಳುತ್ತೆ. ಗುಂಡು ಹೋಗಿ ಮುಂದಿನ ಉಂಗುರಕ್ಕೆ ಒತ್ತಿಕೊಳ್ಳುತ್ತೆ. ಅಂದ್ರೆ ಒಳಗೆ ನುಗ್ಗೋಕೆ ನೂಕುವ ನೀರೇ ಬಾಗಿಲನ್ನು ಬಿಗಿಯಾಗಿ ಹಾಕಿಕೊಡುತ್ತೆ!

ಗುಂಡಿಗೆ ತೂತು ಕೊರೆದು ವಾಲ್ವ್ ಮಾಡೋ ಯೋಚನೆ ಹಳೆಯದೇ. ಆದರೆ ಲೋಹಕ್ಕೆ ಲೋಹ ಉಜ್ಜಿದರೆ ಒಂದೋ ಸೋರುತ್ತೆ, ಇಲ್ಲಾ ಕಚ್ಚಿಕೊಳ್ಳುತ್ತೆ. ನಡುವೆ ಮೆತ್ತಗಿರಬೇಕು, ಜಾರಬೇಕು, ಕೆಮಿಕಲ್‌ಗೂ ಜಗ್ಗಬಾರದು. ಅಂಥ ವಸ್ತು ಸಿಕ್ಕಿದ್ದು 1938ರ ಏಪ್ರಿಲ್ 6ರಂದು, ಅಮೆರಿಕದ ಡುಪಾಂಟ್ ಪ್ರಯೋಗಾಲಯದಲ್ಲಿ, ಅದೂ ಆಕಸ್ಮಿಕವಾಗಿ. ರಾಯ್ ಪ್ಲಂಕೆಟ್ ಅನ್ನೋ ಯುವ ರಸಾಯನ ವಿಜ್ಞಾನಿ ಒಂದು ಗ್ಯಾಸ್ ಸಿಲಿಂಡರ್ ತೆರೆದರು. ಗ್ಯಾಸ್ ಬರಲಿಲ್ಲ. ತೂಕ ನೋಡಿದರೆ ಸಿಲಿಂಡರ್ ಖಾಲಿ ಅಲ್ಲ. ಬೇರೆ ಯಾರಾದರೂ ಆಗಿದ್ದರೆ ಪಕ್ಕಕ್ಕೆ ಎಸೆದು ಇನ್ನೊಂದು ತಗೋತಿದ್ದರೇನೋ. ಅವರು ಸಿಲಿಂಡರನ್ನೇ ಗರಗಸದಲ್ಲಿ ಕೊಯ್ಸಿ ನೋಡಿದರು. ಒಳಗೆ ಮೇಣದಂಥ ಬಿಳಿ ಪುಡಿ! ಎರಡನೇ ಮಹಾಯುದ್ಧದ ಕಾಲದಲ್ಲಿ ಅಣುಬಾಂಬ್ ಯೋಜನೆಯಲ್ಲಿ, ಸಿಕ್ಕಿದ್ದನ್ನೆಲ್ಲ ತಿಂದುಹಾಕುವ ಯುರೇನಿಯಂ ಹೆಕ್ಸಾಫ್ಲೋರೈಡ್ ಅನಿಲದ ಪೈಪುಗಳಲ್ಲಿ ಇದನ್ನು ಬಳಸಿದರು. ಯುದ್ಧ ಮುಗಿದ ಮೇಲೆ ಅದೇ ವಸ್ತು ಬಾಲ್ ವಾಲ್ವಿನ ಉಂಗುರವಾಯ್ತು. ಆಮೇಲೇ ಬಾಲ್ ವಾಲ್ವ್ ಎಲ್ಲ ಕಡೆ ಹರಡಿದ್ದು.

ನಮ್ಮ ಸುತ್ತಲೇ ಇದೆ

ಒಮ್ಮೆ ಗೊತ್ತಾದ ಮೇಲೆ ಹೋದಲ್ಲೆಲ್ಲ ಇದೇ ಕಾಣೋಕೆ ಶುರುವಾಯ್ತು. ನಮ್ಮ ಫ್ಲಾಟಿನ ಅಡುಗೆಮನೆಗೆ ಪೈಪ್ ಗ್ಯಾಸ್ ಬರುತ್ತೆ. ಸ್ಟೌ ಪಕ್ಕದಲ್ಲೇ ಹಳದಿ ಹಿಡಿಯ ಒಂದು ಪುಟ್ಟ ವಾಲ್ವ್ ಇದೆ. ಅದೂ ಬಾಲ್ ವಾಲ್ವೇ. ಗ್ಯಾಸ್ ವಾಸನೆ ಬಂದರೆ ಅದನ್ನು ಅಡ್ಡ ಮಾಡಿ, ಕಿಟಕಿ ತೆರೆಯಬೇಕು, ಯಾವ ಸ್ವಿಚ್ಚನ್ನೂ ಮುಟ್ಟಬಾರದು. ನಾಲ್ಕು ವರ್ಷದಿಂದ ದಿನಾ ಕಣ್ಣೆದುರು ಇದ್ದರೂ ನಾನು ಅದನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ಬೆಂಗಳೂರಿಗೆ ಗ್ಯಾಸ್ ತರೋದು ಮಹಾರಾಷ್ಟ್ರದ ದಾಭೋಲ್‌ನಿಂದ ಬರೋ ಗೇಲ್ ಪೈಪ್‌ಲೈನ್. ಸುಮಾರು 1000 ಕಿಲೋಮೀಟರ್ ಉದ್ದ, ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಕಡೆಯಿಂದ ಹಾದು ಬರುತ್ತೆ. 2013ರಲ್ಲಿ ಶುರುವಾಗಿದ್ದು. ಇಂಥ ಲೈನ್‌ಗಳಲ್ಲಿ ಅಲ್ಲಲ್ಲಿ ವಾಲ್ವ್ ಸ್ಟೇಷನ್ ಇರುತ್ತೆ. ಎಲ್ಲಾದರೂ ಅನಾಹುತ ಆದರೆ ಆ ಒಂದು ತುಂಡನ್ನಷ್ಟೇ ಬಂದ್ ಮಾಡೋಕೆ.

ಅಲ್ಲಿ ಸಡಿಲ ಗುಂಡಿನ ಉಪಾಯ ನಡೆಯಲ್ಲ. ಲೆಕ್ಕ ಹಾಕಿ ನೋಡಿದೆ. 2 ಅಡಿ ವ್ಯಾಸದ ಪೈಪು, 70 ಬಾರ್ ಒತ್ತಡ ಅಂದ್ಕೊಳ್ಳಿ. ಮುಚ್ಚಿದ ಗುಂಡಿನ ಮೇಲೆ ಬೀಳೋ ಭಾರ ಸುಮಾರು 200 ಟನ್! ಅಷ್ಟು ಭಾರ ಒಂದೇ ಉಂಗುರದ ಮೇಲೆ ಬಿದ್ದರೆ ಉಂಗುರ ಉಳಿಯಲ್ಲ, ಹಿಡಿ ತಿರುಗಲ್ಲ. ಅದಕ್ಕೇ ದೊಡ್ಡ ವಾಲ್ವುಗಳಲ್ಲಿ ಗುಂಡಿಗೆ ಮೇಲೆ-ಕೆಳಗೆ ಅಚ್ಚು ಕೊಟ್ಟು ಬಿಗಿದಿರ್ತಾರೆ. ಭಾರವನ್ನು ಅಚ್ಚು ಹೊರುತ್ತೆ. ಗುಂಡು ಇದ್ದಲ್ಲೇ ಇರುತ್ತೆ, ಸ್ಪ್ರಿಂಗ್ ಹಿಂದಿಟ್ಟ ಉಂಗುರಗಳೇ ಬಂದು ಗುಂಡಿಗೆ ಒತ್ತಿಕೊಳ್ಳುತ್ತವೆ. ಇದಕ್ಕೆ ಟ್ರನಿಯನ್ ಅಂತ ಹೆಸರು. ಗುಂಡಿನ ತೂತನ್ನು ಪೈಪಿನಷ್ಟೇ ಅಗಲ ಇಡೋದೂ ಉಂಟು. ಯಾಕಂದ್ರೆ ಪೈಪ್ ಒಳಗಿನ ಕೊಳೆ ತೆಗೆಯೋಕೆ "ಪಿಗ್" ಅನ್ನೋ ಉಪಕರಣವನ್ನು ಗ್ಯಾಸಿನ ಒತ್ತಡದಲ್ಲೇ ಓಡಿಸ್ತಾರೆ. ಅದು ವಾಲ್ವ್ ಒಳಗೆ ಸಿಕ್ಕಿಕೊಳ್ಳದೆ ದಾಟಿ ಹೋಗಬೇಕಲ್ಲ?

ಎಣ್ಣೆ, ಗ್ಯಾಸ್ ಇರೋ ಕಡೆ ಇನ್ನೊಂದು ಯೋಚನೆಯೂ ಇದೆ. ಬೆಂಕಿ ಬಿದ್ದರೆ ಟೆಫ್ಲಾನ್ ಉಂಗುರ ಸುಟ್ಟುಹೋಗುತ್ತೆ. ಆಗ ಹಿಂದೆ ಕಾದು ಕೂತ ಲೋಹದ ಅಂಚಿಗೆ ಗುಂಡು ಒರಗಿ ಸೋರಿಕೆ ತಡೆಯೋ ಹಾಗೆ ಮಾಡಿರ್ತಾರೆ. ನೀರು ಶುದ್ಧೀಕರಣಕ್ಕೆ ಬಳಸೋ ಸೋಡಿಯಂ ಹೈಪೋಕ್ಲೋರೈಟ್ ಲೈನಿನಲ್ಲಿ ತಾಪತ್ರಯ ಬೇರೆ. ಮುಚ್ಚಿದ ಗುಂಡಿನ ತೂತಿನಲ್ಲೂ ಒಂದಿಷ್ಟು ದ್ರವ ಸಿಕ್ಕಿಬಿದ್ದಿರುತ್ತೆ. ಅದು ನಿಧಾನಕ್ಕೆ ಗ್ಯಾಸ್ ಬಿಡುತ್ತಾ ಹೋಗಿ, ಹೊರಬರೋಕೆ ದಾರಿ ಸಿಗದೆ ವಾಲ್ವನ್ನೇ ಸಿಡಿಸಬಹುದು. ಪರಿಹಾರ ತುಂಬ ಸರಳ. ಗುಂಡಿನ ಪಕ್ಕದಲ್ಲಿ ಒಂದು ಚಿಕ್ಕ ರಂಧ್ರ ಕೊರೀತಾರೆ, ಗ್ಯಾಸ್ ಬಂದ ದಾರಿಗೇ ವಾಪಸ್ ಹೋಗುತ್ತೆ.

ಆಸ್ಪತ್ರೆಯ ಆಕ್ಸಿಜನ್ ಲೈನಿನಲ್ಲಿ ವಾರ್ಡಿಗೊಂದು ಗಾಜಿನ ಪೆಟ್ಟಿಗೆ ಇರುತ್ತಲ್ಲ, ಒಳಗಿರೋದು ಕಾಲು ಸುತ್ತಿನ ಇದೇ ವಾಲ್ವ್. ಎತ್ತರದಿಂದ ಧುಮುಕೋ ನೀರಲ್ಲಿ ಕರೆಂಟ್ ಮಾಡೋ ಜಲವಿದ್ಯುತ್ ಕೇಂದ್ರಗಳಲ್ಲಿ, ಟರ್ಬೈನ್ ಮುಂದೆ ಆಳೆತ್ತರದ ಗುಂಡಿನ ವಾಲ್ವ್ ಕೂರಿಸೋದುಂಟು. ನಮ್ಮನೆ ಟ್ಯಾಂಕಿನ ಕೆಳಗೂ ಅದೇ ಉಪಾಯ.

ಮಾವನ ತೋಟದ ಪೆಟ್ಟು

ಇಷ್ಟೆಲ್ಲ ಹೊಗಳಿದೆ ಅಂತ ಎಲ್ಲ ಕಡೆ ಇದನ್ನೇ ಹಾಕಬೇಡಿ. ಚನ್ನಗಿರಿ ಹತ್ತಿರ ನನ್ನ ಸೋದರಮಾವನ ಅಡಿಕೆ ತೋಟ ಇದೆ. ಬೋರ್‌ವೆಲ್‌ನಿಂದ ತೋಟದ ಕೊನೆಗೆ ಸುಮಾರು 600 ಮೀಟರ್ ಪಿವಿಸಿ ಪೈಪು. ಕೊನೆಯಲ್ಲಿ ಲಿವರ್ ಬಾಲ್ ವಾಲ್ವ್. "ಆ ಪೈಪು ಜಾಯಿಂಟಲ್ಲಿ ಮೂರು ಸಲ ಒಡೀತು ಕಣೋ, ಮಾಲೇ ಸರಿ ಇಲ್ಲ" ಅಂತ ಮಾವ ಬೈತಿದ್ದರು. ನನಗೂ ಹಾಗೇ ಅನಿಸಿತ್ತು. ಆಮೇಲೆ ಕಾಲೇಜಲ್ಲಿ ಓದಿ ಮರೆತಿದ್ದು ನೆನಪಾಯ್ತು.

600 ಮೀಟರ್ ಪೈಪಿನಲ್ಲಿ ಓಡುತ್ತಿರೋ ನೀರು ಒಂದು ಉದ್ದನೆಯ ಗೂಡ್ಸ್ ಟ್ರೈನ್ ಇದ್ದ ಹಾಗೆ. ಮುಂದೆ ಫಟ್ಟಂತ ಬಾಗಿಲು ಹಾಕಿದರೆ ಮೊದಲ ಬೋಗಿ ನಿಂತಿತು, ಹಿಂದಿನವು ಒಂದೊಂದಾಗಿ ಬಂದು ಗುದ್ದುತ್ತವೆ. ಆ ಗುದ್ದು ಒತ್ತಡದ ಅಲೆಯಾಗಿ ಹಿಂದಕ್ಕೆ ಓಡುತ್ತೆ. ಇದಕ್ಕೆ ವಾಟರ್ ಹ್ಯಾಮರ್ ಅಂತಾರೆ. ರಷ್ಯಾದ ನಿಕೊಲಾಯ್ ಝುಕೋವ್‌ಸ್ಕಿ ಮಾಸ್ಕೋದ ನೀರಿನ ಪೈಪುಗಳಲ್ಲಿ ಪ್ರಯೋಗ ಮಾಡಿ 1898ರಲ್ಲೇ ಇದರ ಲೆಕ್ಕ ಕೊಟ್ಟಿದ್ದಾರೆ. ನೀರಿನ ಸಾಂದ್ರತೆ, ಅಲೆಯ ವೇಗ, ನೀರಿನ ವೇಗ, ಮೂರನ್ನೂ ಗುಣಿಸಿದರೆ ಏರುವ ಒತ್ತಡ ಸಿಗುತ್ತೆ.

ಪಿವಿಸಿ ಪೈಪಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 400 ಮೀಟರ್ ಓಡುತ್ತೆ ಅನ್ನೋಣ. ನೀರು ಸೆಕೆಂಡಿಗೆ ಒಂದೂವರೆ ಮೀಟರ್ ಹರೀತಿದ್ದರೆ, ಒತ್ತಡ ಒಮ್ಮೆಗೇ 6 ಬಾರ್ ಏರುತ್ತೆ, ಮೊದಲೇ ಇದ್ದ ಒತ್ತಡದ ಮೇಲೆ! ಮಾವನ ತೋಟದಲ್ಲಿ ಇದ್ದದ್ದು 4 ಕೆಜಿ ಪೈಪು, ಅಂದ್ರೆ ಹೆಚ್ಚೂಕಮ್ಮಿ 4 ಬಾರ್ ತಡೆಯೋದು. ಒಡೆಯದೆ ಇನ್ನೇನಾಗುತ್ತೆ? ಅಲೆ ಪೈಪಿನ ಆ ತುದಿಗೆ ಹೋಗಿ ವಾಪಸ್ ಬರೋಕೆ 3 ಸೆಕೆಂಡ್ ಬೇಕು. ಅದಕ್ಕಿಂತ ಬೇಗ ಮುಚ್ಚಿದರೆ ಪೆಟ್ಟು ಪೂರ್ತಿ ಬೀಳುತ್ತೆ. ಲಿವರ್ ಮುಚ್ಚೋಕೆ ಒಂದು ಸೆಕೆಂಡೂ ಬೇಡವಲ್ಲ! ಬೇಗ ಮುಚ್ಚುತ್ತೆ ಅನ್ನೋದೇ ಇದರ ಗುಣ, ಅದೇ ಇದರ ದೋಷ.

ಈಗ ಮಾವ ಮೊದಲು ಮೋಟಾರ್ ಆಫ್ ಮಾಡಿ ಆಮೇಲೆ ವಾಲ್ವ್ ಮುಚ್ತಾರೆ. ಲೈನ್ ಬದಲಿಸುವಾಗ ಮೊದಲು ಹೊಸ ಲೈನ್ ತೆರೆದು, ಆಮೇಲೆ ಹಳೇದನ್ನು ನಿಧಾನಕ್ಕೆ ಅಡ್ಡ ಮಾಡ್ತಾರೆ. ಆಮೇಲೆ ಪೈಪು ಒಡೆದಿಲ್ಲ. ಮನೆಯ ಪೈಪು ಚಿಕ್ಕದು, ಅಲೆ ಕಣ್ಣು ಮಿಟುಕಿಸೋದರಲ್ಲಿ ಹೋಗಿ ಬರುತ್ತೆ. ಹಾಗಾಗಿ ಗೋಡೆಯೊಳಗೆ ಒಂದು "ಢಬ್" ಸದ್ದಿನಲ್ಲೇ ಮುಗಿಯುತ್ತೆ. ಆದರೂ ಹಿಡಿಯನ್ನು ನಿಧಾನಕ್ಕೆ ತಿರುಗಿಸೋದೇ ಒಳ್ಳೇದು.

ಇನ್ನೊಂದು ತಪ್ಪು ನಾವೆಲ್ಲ ಮಾಡೋದು. ನೀರು ಸಣ್ಣಗೆ ಬರಲಿ ಅಂತ ಬಾಲ್ ವಾಲ್ವನ್ನು ಅರ್ಧಂಬರ್ಧ ತೆರೆದಿಡೋದು. ಕಿರಿದಾದ ಸಂದಿಯಿಂದ ನೀರು ಜೋರಾಗಿ ನುಗ್ಗಿ ಮೆತ್ತನೆ ಉಂಗುರದ ಒಂದೇ ಜಾಗಕ್ಕೆ ಬಡಿಯುತ್ತೆ. ಮರಳು ಇದ್ದರಂತೂ ಮುಗೀತು. ಉಂಗುರ ಅಲ್ಲಿ ಸವೆದು, ಮುಂದೆ ಪೂರ್ತಿ ಮುಚ್ಚಿದರೂ ವಾಲ್ವ್ ಸೋರುತ್ತೆ. ಇದು ಒಂದೋ ಪೂರ್ತಿ ತೆರೆಯೋ, ಇಲ್ಲಾ ಪೂರ್ತಿ ಮುಚ್ಚೋ ವಾಲ್ವ್. ಹರಿವು ಹೆಚ್ಚು-ಕಡಿಮೆ ಮಾಡೋಕೆ ಗ್ಲೋಬ್ ವಾಲ್ವ್ ಇದೆ. ಗುಂಡಿಗೇ ವಿ ಆಕಾರದ ತೂತು ಕೊರೆದ ವಾಲ್ವ್‌ಗಳೂ ಫ್ಯಾಕ್ಟರಿಗಳಲ್ಲಿ ಸಿಗುತ್ತವೆ.

ಈ ವಾರಾಂತ್ಯ ಒಂದು ಹತ್ತು ನಿಮಿಷ

ಆಫೀಸಲ್ಲಿ ಸರ್ವರ್ ಬಿದ್ದರೆ ಏನು ಮಾಡಬೇಕು ಅಂತ ನಾವು ಪುಟಗಟ್ಟಲೆ ಬರೆದಿಡ್ತೀವಿ. ಯಾರಾದರೂ ರಜೆ ಹಾಕಿದರೂ ಕೆಲಸ ನಿಲ್ಲಬಾರದು ಅಂತ. ನಮ್ಮನೆಯ ಅಷ್ಟೂ ವಿಷಯ ಅಪ್ಪನ ತಲೆಯಲ್ಲಿತ್ತು. ಅವರ ಜೊತೆಗೇ ಹೋಯ್ತು. ನಾನು ಒಮ್ಮೆಯೂ ಕೇಳಿರಲಿಲ್ಲ. ನೀವು ಮುಂದಿನ ಸಲ ಊರಿಗೆ ಹೋದಾಗ ಇಷ್ಟು ಮಾಡಿ:

ಅಪ್ಪ-ಅಮ್ಮನ ಜೊತೆ ನಿಂತು ಒಂದೊಂದು ವಾಲ್ವ್ ಮುಚ್ಚಿ, ಯಾವ ನಲ್ಲಿ ನಿಲ್ಲುತ್ತೆ ನೋಡಿ. ಪ್ರತಿಯೊಂದಕ್ಕೂ ಪೇಂಟಲ್ಲಿ ಹೆಸರು ಬರೆಯಿರಿ.

ಇಡೀ ಮನೆಯ ನೀರು ನಿಲ್ಲಿಸೋ ಒಂದು ಬಾಲ್ ವಾಲ್ವನ್ನು ಕೈಗೆಟುಕೋ ಎತ್ತರದಲ್ಲಿ ಹಾಕಿಸಿ, ತಾರಸಿ ಮೇಲಲ್ಲ. ವಯಸ್ಸಾದವರ ಕೈಗೆ ಚಿಟ್ಟೆ ಹಿಡಿಗಿಂತ ಉದ್ದ ಲಿವರ್ ಸುಲಭ.

ವಾಲ್ವಿನ ಎರಡೂ ಕಡೆ ಯೂನಿಯನ್ ಇರೋದನ್ನು ಕೇಳಿ. ನಾಳೆ ಕೆಟ್ಟರೆ ಪೈಪ್ ಕತ್ತರಿಸದೆ ಬಿಚ್ಚಿ ಬದಲಿಸಬಹುದು.

ಪ್ಲಾಸ್ಟಿಕ್ ವಾಲ್ವ್ ಅಂಟಿಸುವಾಗ ಸಾಲ್ವೆಂಟ್ ಹೆಚ್ಚು ಬಳಿಯದಂತೆ ನೋಡಿಕೊಳ್ಳಿ. ಒಳಗೆ ಹರಿದು ಗುಂಡಿಗೆ ಅಂಟಿದರೆ ಹೊಸ ವಾಲ್ವ್ ಅವತ್ತೇ ಜಾಮ್.

ಗಡಸು ನೀರಿದ್ದರೆ ಎರಡು-ಮೂರು ತಿಂಗಳಿಗೊಮ್ಮೆ ಹಿಡಿಯನ್ನು ಆ ಕಡೆ ಈ ಕಡೆ ತಿರುಗಿಸಿ. ವರ್ಷಗಟ್ಟಲೆ ಮುಟ್ಟದೇ ಬಿಟ್ಟ ವಾಲ್ವ್ ಬೇಕಾದಾಗ ತಿರುಗಲ್ಲ. ಬಾಲ್ ವಾಲ್ವೂ ಇದಕ್ಕೆ ಹೊರತಲ್ಲ.

ನಮ್ಮನೆಯಲ್ಲಿ ಹಿತ್ತಲ ಬಾಗಿಲ ಪಕ್ಕ, ಅಮ್ಮನ ಎದೆಯೆತ್ತರಕ್ಕೆ ಮುಕ್ಕಾಲು ಇಂಚಿನ ವಾಲ್ವ್ ಕೂರಿಸಿದ್ದಾಯ್ತು. ಕೆಂಪು ಹಿಡಿ. ಅಮ್ಮ ಒಂದೇ ಕೈಲಿ ತಿರುಗಿಸಿದರು. ಬಚ್ಚಲ ನಲ್ಲಿ ನಿಂತಿತು. ಮತ್ತೆ ತಿರುಗಿಸಿದರು, ಬಂತು. ನಾಲ್ಕೈದು ಸಲ ಹಾಗೇ ಮಾಡಿ, "ಇಷ್ಟೇನಾ?" ಅಂದರು. ಆಮೇಲೆ ಒಂದು ಹಾಳೆಯಲ್ಲಿ ತಾವೇ ದಪ್ಪ ಅಕ್ಷರದಲ್ಲಿ ಬರೆದು ಪಕ್ಕದ ಗೋಡೆಗೆ ಅಂಟಿಸಿದರು: ಅಡ್ಡ ಇದ್ರೆ ಬಂದ್, ಉದ್ದ ಇದ್ರೆ ಚಾಲೂ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಇನ್ನೊಂದು ಮಾತು ಹೇಳಿದರು. ನೀರು ಸುರಿದ ದಿನ ಫೋನ್ ತರೋಕೆ ಅಂತ ಹೋಗುವಾಗ ಹಾಲ್‌ನಲ್ಲಿ ಕಾಲು ಜಾರಿತ್ತಂತೆ. ಬಾಗಿಲ ಚೌಕಟ್ಟು ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲವಂತೆ. "ಹೇಳಿದ್ರೆ ನೀನು ಗಾಬರಿ ಆಗ್ತೀಯ ಅಂತ ಹೇಳಿರ್ಲಿಲ್ಲ."

ನಾನು ಏನೂ ಮಾತಾಡದೆ ಊಟ ಮುಗಿಸಿದೆ.

ಈಗ ಅಮ್ಮ ಮೈಸೂರಿಗೆ ಅಕ್ಕನ ಮನೆಗೆ ಹೊರಟಾಗಲೆಲ್ಲ ಬಸ್ ಹತ್ತೋ ಮುಂಚೆ ನನಗೊಂದು ಫೋಟೋ ಬರುತ್ತೆ. ಹಿತ್ತಲ ಗೋಡೆ, ಬಿಳಿ ಪೈಪು, ಅದಕ್ಕೆ ಅಡ್ಡವಾಗಿ ಕೆಂಪು ಹಿಡಿ. ಮೆಸೇಜ್ ಏನೂ ಇರಲ್ಲ. ನಾನು ಮೀಟಿಂಗ್‌ನಲ್ಲಿದ್ದರೂ ಒಂದು ಥಂಬ್ಸ್‌ಅಪ್ ಒತ್ತಿ ಕೆಲಸ ಮುಂದುವರಿಸ್ತೀನಿ.